ಹಡಗಿನವರ ಟೂರೋ, ನಾವೇ ಮಾತಾಡಿದ ದೋಣಿಯೋ? ಕಲಬುರಗಿ, ಬೀದರ್, ಯಾದಗಿರಿ ಪ್ರವಾಸಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ರಾತ್ರಿ ರೈಲು ಹತ್ತಿ ಮುಂಬೈಯಲ್ಲಿಳಿದು ಕ್ರೂಸ್ ಹಡಗು ಹಿಡಿಯುವ ಕುಟುಂಬಗಳು ಈಗ ಅಪರೂಪವಲ್ಲ. ಬೀದರಿನವರು ಹೈದರಾಬಾದಿನಿಂದ ಸಿಂಗಾಪುರಕ್ಕೆ ಹಾರಿ ಅಲ್ಲಿ ಹಡಗು ಹತ್ತುತ್ತಾರೆ. ಟಿಕೆಟ್ ತೆಗೆಯುವಾಗ ಇಲ್ಲದ ಗೊಂದಲ ಬಂದರಿನಲ್ಲಿ ಇಳಿಯುವ ಹೊತ್ತಿಗೆ ಹುಟ್ಟುತ್ತದೆ. ಹಡಗಿನವರು ಮಾರುವ ಟೂರ್ ಕೊಳ್ಳಬೇಕೋ, ದಡಕ್ಕಿಳಿದು ಅಲ್ಲಿನ ದೋಣಿಯವನ ಹತ್ತಿರ ನೇರ ಮಾತಾಡಬೇಕೋ? ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ.

## ಮೊದಲ ಸಲ ಹೊರಟವರಿಗೆ

ಹಡಗಿಗೆ ಇಷ್ಟು ರೊಕ್ಕ ಕೊಟ್ಟೀವಿ, ಮತ್ತ ಈ ಎಕ್ಸ್‌ಕರ್ಷನ್ ಅಂತ ಬ್ಯಾರೆ ಯಾಕ ಕೇಳ್ತಾರ?

ಕ್ರೂಸ್ ಟಿಕೆಟ್ಟಿನಲ್ಲಿ ಕ್ಯಾಬಿನ್, ಊಟ ಮತ್ತು ಹಡಗಿನೊಳಗಿನ ಮನರಂಜನೆ ಸೇರಿರುತ್ತವೆ. ಹಡಗು ಬಂದರಿಗೆ ಬಂದ ಮೇಲೆ ದಡದಲ್ಲಿ ತಿರುಗಾಡುವ ಖರ್ಚು ಬೇರೆ. ಬಸ್ಸು, ಗೈಡು, ದೋಣಿ, ಪ್ರವೇಶ ಟಿಕೆಟ್ ಎಲ್ಲ ಸೇರಿಸಿ ಹಡಗಿನವರು ಮಾರುವ ಅರ್ಧ ದಿನದ ಅಥವಾ ಒಂದು ದಿನದ ಟೂರೇ ಎಕ್ಸ್‌ಕರ್ಷನ್. ಅದನ್ನು ನಡೆಸುವವರು ಬಹುತೇಕ ಆ ಊರಿನ ಟೂರ್ ಕಂಪನಿಯವರೇ, ಹಡಗಿನವರು ನಡುವೆ ನಿಂತು ಮಾರುತ್ತಾರೆ. ಕೊಳ್ಳಲೇಬೇಕೆಂಬ ಒತ್ತಾಯವಿಲ್ಲ. ಬಂದರಿನಲ್ಲಿ ಇಳಿಯದೆ ಹಡಗಿನಲ್ಲೇ ಕೂತರೂ ಯಾರೂ ಕೇಳುವುದಿಲ್ಲ.

ನಾವೇ ದೋಣಿ ಮಾತಾಡಿಕೊಂಡ್ರ ಹಡಗಿನವರು ಬ್ಯಾಡ ಅಂತಾರೇನು?

ಹೆಚ್ಚಿನ ಬಂದರುಗಳಲ್ಲಿ ಅನ್ನುವುದಿಲ್ಲ. ಇಳಿಯುವಾಗ ಗ್ಯಾಂಗ್‌ವೇ (ಹಡಗು ಹತ್ತಿ ಇಳಿಯುವ ಹಲಗೆ ದಾರಿ) ಹತ್ತಿರ ನಿಮ್ಮ ಹಡಗಿನ ಕಾರ್ಡನ್ನು ಸ್ಕ್ಯಾನ್ ಮಾಡುತ್ತಾರೆ, ಹತ್ತುವಾಗ ಮತ್ತೆ ಮಾಡುತ್ತಾರೆ. ಯಾರು ಒಳಗೆ, ಯಾರು ಹೊರಗೆ ಎಂಬ ಲೆಕ್ಕ ಅವರಿಗೆ ಅದರಿಂದಲೇ ಸಿಗುವುದು. ಕಾರ್ಡಿನ ಜೊತೆ ಫೋಟೋ ಇರುವ ಗುರುತಿನ ಚೀಟಿಯೂ ಕಿಸೆಯಲ್ಲಿರಲಿ, ಬಂದರಿನ ಗೇಟಿನಲ್ಲಿ ಕೇಳುತ್ತಾರೆ.

ಲಕ್ಷದ್ವೀಪದ ಮಾತು ಬೇರೆ. ಅಲ್ಲಿಗೆ ಹೋಗಲು ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ದ್ವೀಪಗಳ ಸುತ್ತಲಿನ ನೀರು ಆಳವಿಲ್ಲದ್ದರಿಂದ ದೊಡ್ಡ ಹಡಗು ಹೊರಗೇ ಲಂಗರು ಹಾಕುತ್ತದೆ, ಜನರನ್ನು ಸಣ್ಣ ದೋಣಿಯಲ್ಲಿ ದಡ ಮುಟ್ಟಿಸುತ್ತಾರೆ. ಅಲ್ಲಿ ಹಡಗಿನವರು ಮಾಡಿಟ್ಟ ವ್ಯವಸ್ಥೆಯಲ್ಲೇ ಹೋಗಿಬನ್ನಿ.

ಒಂದ ಮಾತಿನ್ಯಾಗ ಹೇಳ್ರಿ, ಯಾವುದು ಛಲೋ?

ದರ ನೋಡಿ ತೀರ್ಮಾನಿಸಬೇಡಿ. ದೋಣಿ ಹತ್ತುವ ಜಾಗ ಹಡಗಿನಿಂದ ಎಷ್ಟು ದೂರ ಎಂದು ಮೊದಲು ನೋಡಿ. ಜೆಟ್ಟಿ ಹಡಗಿನಿಂದ ಅರ್ಧ ತಾಸಿನೊಳಗಿದ್ದು, ನೀವು ನಾಲ್ಕು ಜನ ಅಥವಾ ಹೆಚ್ಚಿದ್ದು, ದೋಣಿ ಒಂದು ಎರಡು ತಾಸಿನಲ್ಲಿ ತಿರುಗಿ ಬರುವುದಾದರೆ ಸ್ವಂತ ದೋಣಿ, ಅಂದರೆ ನೀವೇ ಬಾಡಿಗೆಗೆ ಮಾತಾಡಿದ ದೋಣಿ, ಲಾಭ. ರಸ್ತೆಯಲ್ಲೇ ಒಂದು ತಾಸಿಗಿಂತ ಹೆಚ್ಚು ಹೋಗಬೇಕು, ಅಥವಾ ತೆರೆದ ಸಮುದ್ರದಲ್ಲಿ ದೂರದ ದ್ವೀಪಕ್ಕೆ ಹೋಗಬೇಕು ಎಂದಾದರೆ ಹಡಗಿನವರ ಟೂರಿಗೆ ಕೊಡುವ ಹೆಚ್ಚಿನ ರೊಕ್ಕ ದಂಡವಲ್ಲ. ಇಬ್ಬರೇ ಹೋಗುವವರಿಗೆ ಸ್ವಂತ ದೋಣಿಯಲ್ಲಿ ಉಳಿತಾಯ ಬಹಳ ಕಡಿಮೆ, ಹೆಚ್ಚೇ ಬೀಳುವುದೂ ಉಂಟು.

ತಡ ಆದ್ರ ಹಡಗು ನಮಗಾಗಿ ನಿಲ್ತದೋ ಇಲ್ಲೋ?

ಹಡಗಿನವರ ಟೂರಿನಲ್ಲಿದ್ದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಸುದ್ದಿ ಗೈಡಿನಿಂದ ಹಡಗಿಗೆ ಹೋಗುತ್ತದೆ. ಕಾಯಲಾಗದೆ ಹೊರಟರೂ ನಿಮ್ಮನ್ನು ಮುಂದಿನ ಬಂದರಿಗೆ ಮುಟ್ಟಿಸುವ ಹೊಣೆ ಕಂಪನಿಯದು. ಸ್ವಂತವಾಗಿ ಹೋಗಿದ್ದರೆ ಆ ಹೊಣೆ ಯಾರಿಗೂ ಇಲ್ಲ, ಹಡಗು ಹೊರಡುತ್ತದೆ. ಬಂದರಿನ ಜಾಗಕ್ಕೆ, ಹಡಗಿಗೆ ಬಂದರಿನ ದಾರಿ ತೋರಿಸುವ ಪೈಲಟ್‌ಗೆ, ಉಬ್ಬರ ಇಳಿತಕ್ಕೆ ಹಡಗಿನ ಸಮಯ ಕಟ್ಟಿಹಾಕಿರುತ್ತದೆ. ಎರಡು ಮೂರು ಸಾವಿರ ಜನರನ್ನು ಇಬ್ಬರಿಗಾಗಿ ನಿಲ್ಲಿಸುವಂತಿಲ್ಲ.

‘ಎಲ್ಲರೂ ಹಡಗಿನೊಳಗೆ’ ಎಂಬ ಗಡುವು ಹೊರಡುವ ಸಮಯಕ್ಕಿಂತ ಸಾಮಾನ್ಯವಾಗಿ 30ರಿಂದ 60 ನಿಮಿಷ ಮೊದಲೇ ಇರುತ್ತದೆ. ಐದಕ್ಕೆ ಹೊರಡುವ ಹಡಗಿಗೆ ನಾಲ್ಕಕ್ಕೇ ಗಡುವು ಎಂದುಕೊಳ್ಳಿ. ಸ್ವಂತ ದೋಣಿಯವರು ಆ ನಾಲ್ಕಕ್ಕಿಂತ ಎರಡು ತಾಸು ಮೊದಲು ದಡ ಮುಟ್ಟಿರಬೇಕು. ‘ಇನ್ನೂ ಒಂದು ಸುತ್ತು ಹೋಗೋಣ’ ಎಂದು ಮಕ್ಕಳು ಹಟ ಹಿಡಿಯುವುದು ಇದೇ ಹೊತ್ತಿನಲ್ಲಿ.

## ರೊಕ್ಕದ ಲೆಕ್ಕ

ಹಡಗಿನವರ ರೇಟ್ ಕೇಳಿ ಎದೆ ಝಲ್ ಅಂತು. ನಾವೇ ಹೋದ್ರ ಎಷ್ಟು ಉಳೀತದ?

ಹಡಗಿನವರು ತಲೆಗೆ ಲೆಕ್ಕ ಹಾಕುತ್ತಾರೆ, ದೋಣಿಯವನು ದೋಣಿಗೆ ಹಾಕುತ್ತಾನೆ. ವ್ಯತ್ಯಾಸ ಹುಟ್ಟುವುದು ಇಲ್ಲಿ. ಅಂಕಿ ಬರೀ ಉದಾಹರಣೆಗೆ: ಹಡಗಿನ ಟೂರು ತಲೆಗೆ 3,500 ರೂ. ಇದ್ದರೆ ಆರು ಜನರಿಗೆ 21,000. ಅದೇ ಜಾಗಕ್ಕೆ ಸ್ವಂತ ದೋಣಿ 5,000, ಹೋಗಿಬರುವ ಟ್ಯಾಕ್ಸಿ 4,000, ಊಟ 2,000, ಪಾರ್ಕಿಂಗು ಭಕ್ಷೀಸು ಎಂದು 1,000, ಒಟ್ಟು 12,000. ಆರು ಜನ ಇದ್ದಾಗ 9,000 ಉಳಿಯಿತು. ಇಬ್ಬರೇ ಹೋದರೆ ಹಡಗಿನದು 7,000. ಸ್ವಂತದ ದೋಣಿ ಮತ್ತು ಟ್ಯಾಕ್ಸಿಗೇ 9,000.

ದೋಣಿಯ ದರವೊಂದನ್ನೇ ಹಡಗಿನ ದರದ ಪಕ್ಕ ಇಟ್ಟು ನೋಡುವುದು ಎಲ್ಲರೂ ಮಾಡುವ ತಪ್ಪು. ಟ್ಯಾಕ್ಸಿ ಕಾಯುವ ಚಾರ್ಜು, ಉದ್ಯಾನದ ಪ್ರವೇಶ ಶುಲ್ಕ, ಜೆಟ್ಟಿಯ ಶುಲ್ಕ, ಊಟ ಎಲ್ಲ ಸೇರಿಸಿದ ಮೇಲೆ ಹೋಲಿಸಿ.

ಅಡ್ವಾನ್ಸ್ ಕೇಳ್ತಾರ. ಹಡಗು ಆ ಬಂದರಿಗೆ ಹೋಗಲೇ ಇಲ್ಲ ಅಂದ್ರ ರೊಕ್ಕ ವಾಪಸ್ ಬರ್ತದೇನ್ರಿ?

ಗಾಳಿ, ಅಲೆ ಜೋರಾದರೆ ಕ್ಯಾಪ್ಟನ್ ಒಂದು ಬಂದರನ್ನು ಬಿಟ್ಟು ಮುಂದಕ್ಕೆ ಹೋಗಬಹುದು. ಆಗ ಹಡಗಿನವರ ಟೂರಿನ ರೊಕ್ಕ ನಿಮ್ಮ ಹಡಗಿನ ಖಾತೆಗೆ ತಾನಾಗಿ ವಾಪಸ್ ಬೀಳುತ್ತದೆ. ದೋಣಿಯವನಿಗೆ ಕೊಟ್ಟ ಅಡ್ವಾನ್ಸ್ ಬರುವುದು ಅವನ ಮರ್ಜಿ. ಅದಕ್ಕೇ ಸಣ್ಣ ಮೊತ್ತ ಮಾತ್ರ ಕೊಡಿ, ಉಳಿದದ್ದು ದೋಣಿ ತಿರುಗಿ ಬಂದ ಮೇಲೆ. ಮೊದಲೇ ವಾಟ್ಸಾಪಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ: ‘ಹಡಗು ಬಂದರಿಗೆ ಬರದಿದ್ದರೆ ಅಡ್ವಾನ್ಸ್ ವಾಪಸ್.’ ಕ್ರೂಸ್ ಪ್ರವಾಸಿಗರ ಜೊತೆ ವ್ಯವಹಾರ ಮಾಡಿ ರೂಢಿಯಿರುವವರು ಇದಕ್ಕೆ ಕೂಡಲೇ ಒಪ್ಪುತ್ತಾರೆ. ಹಿಂದೆ ಮುಂದೆ ನೋಡುವವರಿಗೆ ಅಡ್ವಾನ್ಸ್ ಕೊಡಬೇಡಿ. ಹಡಗಿನ ಹೆಸರು, ಬರುವ ಹೊರಡುವ ಸಮಯ ಅವರಿಗೆ ಮೊದಲೇ ತಿಳಿಸಿ.

ಚೌಕಾಸಿ ಮಾಡೋದು ಹ್ಯಾಂಗ? ಭಾಷಾನೂ ಬರೂದಿಲ್ಲ.

ಮುಂಬೈ, ಗೋವಾದಲ್ಲಿ ನಮ್ಮ ಭಾಗದ ದಖನಿ ಹಿಂದಿ ಧಾರಾಳ ನಡೆಯುತ್ತದೆ. ಕೊಚ್ಚಿಯಲ್ಲಿ ಹಿಂದಿ, ಇಂಗ್ಲಿಷ್ ಎರಡೂ ಅರ್ಥವಾಗುತ್ತವೆ. ಭಾಷೆಗಿಂತ ಮುಖ್ಯವಾದದ್ದು ಏನು ಕೇಳಬೇಕೆಂದು ಗೊತ್ತಿರುವುದು. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಿಂದ ಟಂಟಂ ಆಟೊ ಹತ್ತುವಾಗ ‘ಸೀಟಿಗೋ, ಪೂರಾ ಗಾಡಿಗೋ’ ಎಂದು ಕೇಳುತ್ತೇವಲ್ಲ, ಅದೇ ಮೊದಲ ಪ್ರಶ್ನೆ. ತಲೆಗೆ 500 ಎಂದದ್ದನ್ನು ದೋಣಿಗೆ 500 ಎಂದು ತಿಳಿದು ಹತ್ತಿದವರ ಜಗಳ ಎಲ್ಲ ಜೆಟ್ಟಿಗಳಲ್ಲೂ ನಡೆಯುತ್ತಿರುತ್ತದೆ.

ಆಮೇಲೆ ತಾಸಿನ ಲೆಕ್ಕ. ದೋಣಿ ಹೊರಟಾಗಿನಿಂದಲೋ, ನೀವು ಹತ್ತಿದಾಗಿನಿಂದಲೋ? ನಡುವೆ ನಿಲ್ಲಿಸುವ ಜಾಗಗಳ ಹೆಸರು ಹೇಳಿಸಿಕೊಳ್ಳಿ, ಕಾಯುವುದಕ್ಕೆ ಬೇರೆ ರೊಕ್ಕ ಉಂಟೋ ಕೇಳಿ. ದೋಣಿಯಲ್ಲಿ ನೀವಷ್ಟೇ ಇರುತ್ತೀರೋ, ಬೇರೆಯವರನ್ನೂ ಹತ್ತಿಸುತ್ತಾರೋ ಅದೂ ಖಚಿತವಾಗಲಿ. ಒಪ್ಪಿದ ದರವನ್ನು ಫೋನಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದರೆ ಭಾಷೆಯ ಗೊಡವೆ ಮುಗಿಯಿತು. ಪೂರ್ತಿ ರೊಕ್ಕವನ್ನು ಹತ್ತುವ ಮೊದಲು ಕೊಟ್ಟರೆ ಎರಡು ತಾಸಿನ ಸುತ್ತು ಒಂದೂವರೆ ತಾಸಿಗೆ ಮುಗಿಯುವುದುಂಟು.

ಜೆಟ್ಟಿಯಲ್ಲಿ ಸರ್ಕಾರದ ಅಥವಾ ದೋಣಿ ಸಂಘದ ಕೌಂಟರ್ ಇದ್ದು ದರದ ಬೋರ್ಡು ತೂಗುಹಾಕಿದ್ದರೆ ಅಲ್ಲೇ ಚೀಟಿ ತೆಗೆಯಿರಿ. ನೂರು ರೂಪಾಯಿ ಕಡಿಮೆಗೆ ಬೋರ್ಡಿನ ಹೊರಗೆ ಕರೆಯುವ ದಲ್ಲಾಳಿಯ ಹಿಂದೆ ಹೋದರೆ ಏನಾದರೂ ಆದಾಗ ಕೈಯಲ್ಲಿ ಚೀಟಿಯೇ ಇರುವುದಿಲ್ಲ.

## ದೋಣಿ ಹತ್ತುವ ಮುನ್ನ

ದೋಣಿ ಸರಿ ಅದನೋ ಇಲ್ಲೋ ಅಂತ ನಮಗ ಹ್ಯಾಂಗ ಗೊತ್ತಾಗಬೇಕು?

ಭೀಮಾ, ಕೃಷ್ಣಾ ನದಿಯ ತೆಪ್ಪ, ಹರಿಗೋಲು ನೋಡಿ ಬೆಳೆದವರಿಗೂ ಸಮುದ್ರದ ದೋಣಿ ಹೊಸದೇ. ಆದರೆ ನೋಡಬೇಕಾದದ್ದು ಬರಿಗಣ್ಣಿಗೆ ಕಾಣುವಂಥದ್ದೇ. ಪಕ್ಕೆಯ ಮೇಲೆ ನೋಂದಣಿ ಸಂಖ್ಯೆ ಬರೆದಿರಬೇಕು. ಎಷ್ಟು ಜನ ಹತ್ತಬಹುದೆಂದು ಬರೆದ ಫಲಕ ಇರಬೇಕು. 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ನದಿ, ಹಿನ್ನೀರಿನಲ್ಲಿ ಓಡುವ ಯಾಂತ್ರಿಕ ದೋಣಿಗಳಿಗೆ ನೋಂದಣಿ, ತಪಾಸಣೆ ಪ್ರಮಾಣಪತ್ರ, ವಿಮೆ ಮೂರೂ ಬೇಕು. ಕೇಳಿದರೆ ತೋರಿಸುತ್ತಾರೆ, ಸಂಕೋಚ ಬೇಡ.

ಹತ್ತಿದ ಮೇಲೆ ತಲೆ ಎಣಿಸಿ. ಕೂಸುಗಳೂ ಲೆಕ್ಕಕ್ಕೆ ಸೇರುತ್ತವೆ. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ಮೀನುಗಾರಿಕೆಯ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿ, ಮಿತಿ ಮೀರಿ ಜನ ತುಂಬಿ ಹೊರಟಿದ್ದು ಮಗುಚಿ 22 ಜನ ಸತ್ತರು. 2019ರ ಜನವರಿ 21ರಂದು ನಮ್ಮದೇ ಕಾರವಾರದ ಹತ್ತಿರ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಜನ ಹೋದರು. ಸರ್ಕಾರಿ ದೋಣಿ ಎಂದು ಕಣ್ಣುಮುಚ್ಚಿ ಕೂರುವ ಹಾಗೂ ಇಲ್ಲ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಮುಳುಗಿದ್ದು ಕೇರಳ ಪ್ರವಾಸೋದ್ಯಮ ನಿಗಮದ ದೋಣಿಯೇ, ಸತ್ತವರು 45. ದಡದ ಪ್ರಾಣಿ ನೋಡಲು ಜನ ಒಂದೇ ಕಡೆಗೆ ವಾಲಿದ್ದೂ ಆ ದುರಂತದ ಒಂದು ಕಾರಣ ಎಂದು ವರದಿಯಾಗಿತ್ತು.

ಹಾಗಾಗಿ ಮೂರು ಮಾತು ನೆನಪಿರಲಿ. ಕತ್ತಲಾದ ಮೇಲೆ ಸಣ್ಣ ದೋಣಿ ಬೇಡ. ಎರಡಂತಸ್ತಿನ ದೋಣಿಯ ಮೇಲಂತಸ್ತು ಕೆಳಗಿನದಕ್ಕಿಂತ ಹೆಚ್ಚು ತುಂಬಿದ್ದರೆ ಹತ್ತಬೇಡಿ, ಮೇಲೆ ಭಾರ ಹೆಚ್ಚಿದಷ್ಟೂ ಮಗುಚುವುದು ಸುಲಭ. ಡಾಲ್ಫಿನ್ ಕಂಡಿತೆಂದು ಎಲ್ಲರೂ ಒಂದೇ ಪಕ್ಕಕ್ಕೆ ಎದ್ದು ಓಡಬೇಡಿ.

ನಮ್ಮ ಅವ್ವ ಇಳಕಲ್ ಸೀರಿ ಉಡ್ತಾಳ, ಲೈಫ್ ಜಾಕೆಟ್ ಹ್ಯಾಂಗ ಹಾಕಬೇಕು?

ಸೀರೆಯ ಮೇಲೇ ಹಾಕಬೇಕು. ಸೆರಗನ್ನು ಮುಂದಕ್ಕೆ ತಂದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಅದರ ಮೇಲೆ ಜಾಕೆಟ್ ತೊಡಿಸಿ ಎಲ್ಲ ಬಕಲ್ ಹಾಕಿ. ಸೆರಗು ಜಾಕೆಟ್ಟಿನ ಹೊರಗೆ ಹಾರಾಡುತ್ತಿದ್ದರೆ ಎಂಜಿನ್ನಿಗೋ ಮೊಳೆಗೋ ಸಿಕ್ಕುತ್ತದೆ. ಜಾಕೆಟ್ಟಿನ ಮೇಲೆ ಶಾಲು ಹೊದೆಯುವುದು ಬೇಡ. ಸರಿಯಾಗಿ ಕೂತಿದೆಯೇ ಎಂದು ನೋಡಲು ಎರಡೂ ಕೈ ಮೇಲೆತ್ತಿಸಿ, ಭುಜದ ಹತ್ತಿರ ಜಾಕೆಟ್ ಹಿಡಿದು ಮೇಲಕ್ಕೆ ಎಳೆಯಿರಿ. ಗದ್ದ, ಕಿವಿಯ ತನಕ ಬಂದರೆ ಸಡಿಲ. ನೀರಿಗೆ ಬಿದ್ದಾಗ ಅದು ತಲೆಯ ಮೇಲಿಂದ ಜಾರಿ ತೇಲಿಹೋಗುತ್ತದೆ.

ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿ ದಾರ ಬಿಗಿದರೆ ಕೆಲಸಕ್ಕೆ ಬಾರದು. ಮಕ್ಕಳ ಅಳತೆಯದೇ ಬೇಕು, ತೊಡೆಗಳ ನಡುವೆ ಹಾಯಿಸುವ ಪಟ್ಟಿ ಇದ್ದರೆ ಒಳ್ಳೆಯದು. ದೋಣಿಯವನ ಹತ್ತಿರ ಆ ಅಳತೆ ಇದೆಯೋ ಎಂದು ಫೋನಿನಲ್ಲೇ ಕೇಳಿ. ಹಡಗಿನವರ ಟೂರಿನಲ್ಲಿ ಸಾಮಾನ್ಯವಾಗಿ ಈ ತೊಂದರೆ ಬರುವುದಿಲ್ಲ, ಮಕ್ಕಳ ಸಂಖ್ಯೆ ಅವರಿಗೆ ಮೊದಲೇ ಹೋಗಿರುತ್ತದೆ. ಜಾಕೆಟ್ಟುಗಳನ್ನು ಸೀಟಿನ ಕೆಳಗೆ ಗಂಟು ಕಟ್ಟಿಟ್ಟ ದೋಣಿಯಲ್ಲಿ ಜಾಕೆಟ್ ಇದ್ದೂ ಇಲ್ಲದ ಲೆಕ್ಕ.

ವಾಂತಿ ಆಗ್ತದ ಅಂತ ಮನಿಯವರು ಬ್ಯಾಡ ಅಂತಾರ.

ದೊಡ್ಡ ಹಡಗಿನಲ್ಲಿ ಏನೂ ಆಗದವರಿಗೂ ಸಣ್ಣ ದೋಣಿಯಲ್ಲಿ ಆಗುತ್ತದೆ. ಹಿನ್ನೀರಿನಲ್ಲಿ ಅಲೆಯಿಲ್ಲ, ಹೆದರಬೇಕಿಲ್ಲ. ತೆರೆದ ಸಮುದ್ರಕ್ಕೆ ಹೋಗುವುದಾದರೆ ಅವೊಮಿನ್‌ನಂಥ ಮಾತ್ರೆಯನ್ನು ಹೊರಡುವ ಒಂದೆರಡು ತಾಸು ಮೊದಲು ತಗೋಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊರಗೇ ಬೀಳುತ್ತದೆ. ಈ ಮಾತ್ರೆಗಳಿಂದ ನಿದ್ದೆ ಬರುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು, ಸಣ್ಣ ಮಕ್ಕಳು, ಬಸುರಿಯರು ವೈದ್ಯರನ್ನು ಕೇಳದೆ ತಗೋಬಾರದು. ದೋಣಿಯಲ್ಲಿ ನಡುವೆ ಅಥವಾ ಹಿಂದಕ್ಕೆ ಕೂತು ದೂರದ ದಿಗಂತ ನೋಡಿ, ಮುಂದಿನ ತುದಿ ಹೆಚ್ಚು ಎತ್ತಿ ಕುಕ್ಕುತ್ತದೆ. ಡೀಸೆಲ್ ಹೊಗೆ ಬರುವ ಜಾಗ ಬಿಡಿ. ಫೋನ್ ನೋಡುತ್ತ ಕೂತವರಿಗೆ ಮೊದಲು ವಾಂತಿ.

ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಬಹುದೇನ್ರಿ?

ಸ್ವಂತ ದೋಣಿಯಲ್ಲಿ ಯಾರೂ ಬೇಡ ಅನ್ನುವುದಿಲ್ಲ. ತೊಂದರೆ ಹಡಗಿನದು. ಹೆಚ್ಚಿನ ಕ್ರೂಸ್ ಕಂಪನಿಗಳು ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿನೊಳಗೆ ಬಿಡುವುದಿಲ್ಲ, ಸೀಲ್ ಮಾಡಿದ ಪ್ಯಾಕೆಟ್ ಬಿಡುತ್ತಾರೆ. ಹಡಗಿನ ಊಟವನ್ನು ದಡಕ್ಕೆ ಒಯ್ಯುವುದಕ್ಕೂ ಹಲವು ಕಡೆ ನಿರ್ಬಂಧ ಉಂಟು, ವಿದೇಶಿ ಬಂದರುಗಳಲ್ಲಿ ಹಣ್ಣಿಗೆ ಇನ್ನೂ ಕಟ್ಟುನಿಟ್ಟು. ಕೇರಳದ ದೋಣಿಮನೆಯ (ಹೌಸ್‌ಬೋಟ್) ಊಟದಲ್ಲಿ ಮೀನು ಸಾಮಾನ್ಯ, ಎಣ್ಣೆ ಕೊಬ್ಬರಿಯದು. ಶಾಕಾಹಾರ ಬೇಕೆಂದು ಹಿಂದಿನ ದಿನವೇ ಹೇಳಿಬಿಡಿ, ಬೇರೆ ಪಾತ್ರೆ ಬೇಕಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ.

## ಬಂದರು ಬಂದರಿನ ಪ್ರಶ್ನೆ

ಕೊಚ್ಚಿಯೊಳಗ ಹಡಗು ನಿಲ್ತದ. ಆಲಪ್ಪುಳಕ್ಕ ಹೋಗಿ ಹೌಸ್‌ಬೋಟ್ ಮಾಡಬಹುದಾ?

ಕ್ರೂಸ್ ಹಡಗು ನಿಲ್ಲುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಅಲ್ಲಿಂದ ಆಲಪ್ಪುಳ ಸುಮಾರು 55 ಕಿ.ಮೀ., ಒಂದೂವರೆಯಿಂದ ಎರಡು ತಾಸಿನ ದಾರಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅರೂರು, ತುರವೂರು ನಡುವೆ ಟ್ರಾಫಿಕ್ ಕಟ್ಟಿಕೊಂಡ ದಿನ ಈ ಲೆಕ್ಕವೂ ನಡೆಯುವುದಿಲ್ಲ. ಹಡಗು ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರಕ್ಕೆ ಹೊರಡುವುದಾದರೆ, ಇಳಿಯುವಾಗ ಒಂದು ತಾಸು, ಹೋಗಿಬರಲು ನಾಲ್ಕು, ಮರಳುವಾಗಿನ ಎರಡು ತಾಸಿನ ಮೀಸಲು, ಗಡುವಿನ ಒಂದು ತಾಸು ಕಳೆದರೆ ನೀರಿನ ಮೇಲೆ ಎರಡೇ ತಾಸು. ಆ ಎರಡು ತಾಸಿಗೆ ದೋಣಿಮನೆ ಹಿಡಿಯುವುದು ದುಡ್ಡು ದಂಡ. ಶಿಕಾರ ಎನ್ನುವ ಚಾವಣಿಯ ಸಣ್ಣ ದೋಣಿ ತಾಸಿನ ಲೆಕ್ಕದಲ್ಲಿ ಸಿಗುತ್ತದೆ. ದೋಣಿಮನೆ ಹೋಗಲಾರದ ಕಿರಿದಾದ ಕಾಲುವೆಗಳಿಗೂ ಅದು ಹೋಗುತ್ತದೆ, ಊರು ಕಾಣುವುದು ಅಲ್ಲೇ.

ನಮ್ಮ ಅಭಿಪ್ರಾಯ: ಆಲಪ್ಪುಳವೇ ಬೇಕಿದ್ದರೆ ಹಡಗಿನವರ ಟೂರು. ಇಲ್ಲದಿದ್ದರೆ ಕೊಚ್ಚಿಯಲ್ಲೇ ಇದ್ದು ದೋಣಿ ಹತ್ತಿ. ಎರ್ನಾಕುಲಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ರಾಜ್ಯ ಜಲಸಾರಿಗೆ ಇಲಾಖೆಯ ದೋಣಿಗಳು ದಿನವಿಡೀ ಓಡುತ್ತವೆ, ಟಿಕೆಟ್ ಸಿಟಿ ಬಸ್ಸಿನಷ್ಟೇ ಅಗ್ಗ. 2023ರಲ್ಲಿ ಶುರುವಾದ ವಾಟರ್ ಮೆಟ್ರೋ 2024ರಿಂದ ಹೈಕೋರ್ಟ್ ಜೆಟ್ಟಿ ಮತ್ತು ಫೋರ್ಟ್ ಕೊಚ್ಚಿ ನಡುವೆಯೂ ಇದೆ. ಬ್ಯಾಟರಿ ದೋಣಿ, ಎಸಿ ಉಂಟು, ಆ ಮಾರ್ಗ ಶುರುವಾದಾಗ ಟಿಕೆಟ್ 40 ರೂ. ಚೀನೀ ಮೀನುಬಲೆ, ಹಳೆಯ ಚರ್ಚು ನೋಡಿ ಬರಲು ಸ್ವಂತ ದೋಣಿಯೂ ಬೇಡ, ಹಡಗಿನ ಟೂರೂ ಬೇಡ.

ಗೋವಾದಾಗ?

ಹಡಗು ನಿಲ್ಲುವ ಮುರಗಾಂವ್ ಬಂದರು ವಾಸ್ಕೊ ಊರಿನದು. ಮಾಂಡೋವಿ ನದಿಯ ದೋಣಿಗಳು ಹೊರಡುವ ಪಣಜಿ ಅಲ್ಲಿಂದ ಸುಮಾರು 30 ಕಿ.ಮೀ. ದೂರ, ಅವುಗಳ ರಂಗು ಏರುವುದೇ ಸಂಜೆಗೆ, ನಿಮ್ಮ ಹಡಗು ಹೊರಡುವ ಹೊತ್ತಿಗೆ. ಡಾಲ್ಫಿನ್ ನೋಡುವ ದೋಣಿಗೆ ಬೆಳಿಗ್ಗೆ ಹೋಗಿ, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ. ಗೋವಾದಲ್ಲಿ ದೋಣಿಗಿಂತ ಟ್ಯಾಕ್ಸಿಯೇ ದುಬಾರಿ ಎನಿಸುವುದುಂಟು, ಬಂದರಿನ ಗೇಟಿನಲ್ಲೇ ಹೋಗಿಬರುವ ದರ ಮುಗಿಸಿಕೊಳ್ಳಿ.

ರೈಲು ಇಳಿದ ದಿನಾನೇ ಮುಂಬೈದಾಗ ಎಲಿಫೆಂಟಾ ನೋಡಿ, ಸಂಜಿಗಿ ಹಡಗು ಹತ್ತಬಹುದಾ?

ಬೇಡ. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿ ಹೋಗಲು ಒಂದು ತಾಸು, ಬರಲು ಒಂದು ತಾಸು. ನಡುವೆ ಮೆಟ್ಟಿಲು ಹತ್ತಿ ಗುಹೆ ನೋಡಲು ಎರಡು ತಾಸು ಬೇಕು. ಸಾಮಾನು ಇಡುವ ತೊಡಕು ಬೇರೆ. ಸೋಲಾಪುರದ ಆಚೆ ಎಲ್ಲಾದರೂ ರೈಲು ನಿಂತರೆ ಎಲ್ಲ ಲೆಕ್ಕ ತಲೆಕೆಳಗು. ಒಂದು ದಿನ ಮೊದಲೇ ಹೋಗಿ, ಎಲಿಫೆಂಟಾ ಆ ದಿನ ಮುಗಿಸಿ, ಮರುದಿನ ಕ್ರೂಸ್ ಹಡಗು ಹತ್ತುವ ಬಲಾರ್ಡ್ ಪಿಯರ್‌ಗೆ ಬನ್ನಿ. ಸಿಎಸ್‌ಎಂಟಿ ನಿಲ್ದಾಣದಿಂದ ಅದು ಹತ್ತಿರ. ಸೋಮವಾರ ಗುಹೆಗಳಿಗೆ ರಜೆ. ಮಳೆಗಾಲದಲ್ಲಿ ದೋಣಿ ನಿಲ್ಲಿಸುವ ದಿನಗಳೂ ಇರುತ್ತವೆ.

2024ರ ಡಿಸೆಂಬರ್ 18ರಂದು ಇದೇ ದಾರಿಯ ಪ್ರಯಾಣಿಕರ ದೋಣಿಗೆ ನೌಕಾಪಡೆಯ ಸ್ಪೀಡ್ ಬೋಟು ಡಿಕ್ಕಿ ಹೊಡೆದು ಹಲವರು ಸತ್ತ ಮೇಲೆ ಅಲ್ಲಿ ಲೈಫ್ ಜಾಕೆಟ್ ಕಡ್ಡಾಯ ಮಾಡಿದರು. ಸೆಕೆ ಎಂದು ಬಿಚ್ಚಿ ಮಡಿಲಲ್ಲಿ ಇಟ್ಟುಕೊಳ್ಳಬೇಡಿ.

ಮೇ ತಿಂಗಳ ಸೂಟಿಗಿ ಸಿಂಗಾಪುರ, ಫುಕೆಟ್ ಕ್ರೂಸ್ ಬುಕ್ ಆಗ್ಯದ. ಫುಕೆಟ್‌ದಾಗ ನಾವೇ ದೋಣಿ ಹಿಡೀಬಹುದಾ?

ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟಿ ಮಕ್ಕಳಿಗೆ ಸೂಟಿ ಬರುವ ಹೊತ್ತಿಗೆ ಥಾಯ್ಲೆಂಡಿನ ಫುಕೆಟ್‌ನಲ್ಲಿ ಮಳೆಗಾಳಿ ಶುರು. ಅಲ್ಲಿನ ಶಾಂತ ಸಮುದ್ರ ನವೆಂಬರಿನಿಂದ ಏಪ್ರಿಲ್ ತನಕ. ಮೇಯಿಂದ ಅಕ್ಟೋಬರ್ ತನಕ ಪಶ್ಚಿಮದ ಅಲೆ ದೊಡ್ಡದು. 2018ರ ಜುಲೈ 5ರಂದು ಹವಾಮಾನದ ಎಚ್ಚರಿಕೆ ಇದ್ದಾಗಲೂ ಹೊರಟ ಪ್ರವಾಸಿ ದೋಣಿ ಫುಕೆಟ್ ಹತ್ತಿರ ಮುಳುಗಿ 47 ಜನ ಸತ್ತರು. ಹಾಗಾಗಿ ಮೇಯಲ್ಲಿ ಫಿಫಿ ದ್ವೀಪದ ಕಡೆಗೆ ಸ್ವಂತ ದೋಣಿ ಬೇಡವೇ ಬೇಡ. ಫಾಂಗ್‌ನ್ಗಾ ಕೊಲ್ಲಿ ಬೆಟ್ಟಗಳ ಮರೆಯಲ್ಲಿರುವುದರಿಂದ ಅಲ್ಲಿ ನೀರು ಸೌಮ್ಯ. ಅಲ್ಲಿನ ಗುಹೆಗಳ ಒಳಗೆ ಹೋಗುವುದು ಉಬ್ಬರ ಇಳಿತದ ಮೇಲೆ ನಿಂತಿದೆ. ಆ ದಿನದ ಸಮಯ ದೋಣಿಯವನಿಗೆ ಗೊತ್ತಿರುತ್ತದೆ, ಕೇಳಿಯೇ ಹೊರಡಿ.

ಡಿಸೆಂಬರಿನಲ್ಲಿ ಹೋಗುವವರು ಉದ್ದ ಬಾಲದ ಮರದ ದೋಣಿಯನ್ನು ಹತ್ತಿರದ ಕಡಲತೀರಗಳಿಗೆ ಧಾರಾಳ ಹಿಡಿಯಬಹುದು. ಫಿಫಿ ಉದ್ಯಾನಕ್ಕೆ ವಿದೇಶಿಯರಿಗೆ ತಲೆಗೆ 400 ಬಾತ್ ಶುಲ್ಕ, ಮಕ್ಕಳಿಗೆ 200. ದೋಣಿಯವನ ದರದಲ್ಲಿ ಅದು ಸೇರಿದೆಯೋ ಕೇಳಿ. ಹೆಸರುವಾಸಿಯಾದ ಮಾಯಾ ಕೊಲ್ಲಿಯನ್ನು 2018ರಲ್ಲಿ ಮುಚ್ಚಿ 2022ರಲ್ಲಿ ತೆರೆದರು. ಈಗ ದೋಣಿ ಮುಂದಿನಿಂದ ಒಳಗೆ ಹೋಗುವಂತಿಲ್ಲ, ಹಿಂಬದಿಯಲ್ಲಿಳಿದು ನಡೆಯಬೇಕು, ಈಜುವಂತೆಯೂ ಇಲ್ಲ. ‘ಮುಂದೆ ಒಯ್ದು ನಿಲ್ಲಿಸ್ತೀನಿ’ ಎನ್ನುವವನನ್ನು ನಂಬಬೇಡಿ.

ಅಷ್ಟು ದೂರ ಒಲ್ಲಿವಿ. ಶ್ರೀಶೈಲಕ್ಕ ಲಾಂಚಿನ್ಯಾಗ ಹೋಗೋದು, ಇಲ್ಲಾ ಅಲ್ಲೇ ದೋಣಿ ಹಿಡಿಯೋದು, ಯಾವುದು?

ಲೆಕ್ಕ ಅದೇ. ತೆಲಂಗಾಣ ಪ್ರವಾಸೋದ್ಯಮದವರು ನಾಗಾರ್ಜುನಸಾಗರದಿಂದ ಶ್ರೀಶೈಲಕ್ಕೆ ನಡೆಸುವ ಲಾಂಚು ನಲ್ಲಮಲ ಬೆಟ್ಟಗಳ ನಡುವೆ ಆರು ತಾಸಿನ ಹತ್ತಿರದ ಪಯಣ. ಜಲಾಶಯದಲ್ಲಿ ನೀರು ಸಾಕಷ್ಟು ಇದ್ದಾಗ ಮಾತ್ರ ಓಡುತ್ತದೆ, ಮಳೆಗಾಲದ ನಂತರದ ತಿಂಗಳುಗಳು ಸರಿ. ನಾಗಾರ್ಜುನಸಾಗರದ ಪೂರ್ಣ ಮಟ್ಟ 590 ಅಡಿ, ಪತ್ರಿಕೆಯಲ್ಲಿ ದಿನವೂ ಬರುವ ಮಟ್ಟ ನೋಡುತ್ತಿದ್ದರೆ ಅಂದಾಜು ಸಿಗುತ್ತದೆ. ದರ್ಶನವೇ ಮುಖ್ಯ, ಹಿರಿಯರು ಜೊತೆಗಿದ್ದಾರೆ ಎಂದರೆ ಬಸ್ಸಿನಲ್ಲಿ ಶ್ರೀಶೈಲ ಮುಟ್ಟಿ, ಪಾತಾಳಗಂಗೆಗೆ ರೋಪ್‌ವೇಯಲ್ಲಿ ಇಳಿದು ಅಲ್ಲಿನ ದೋಣಿ ಹತ್ತಿ.

ಅಕ್ಕಮಹಾದೇವಿ ಗುಹೆಗೆ ಹೋಗಬೇಕೆಂದು ನಮ್ಮ ಕಡೆಯ ಶರಣರ ಮನೆಗಳವರು ತಪ್ಪದೆ ಕೇಳುತ್ತಾರೆ. ನೀರಿನ ದಾರಿ ಒಂದು ತಾಸಿಗೂ ಹೆಚ್ಚು, ಇಳಿದ ಮೇಲೆ ಏರು ಹತ್ತಬೇಕು, ಗುಹೆಯ ಒಳದಾರಿ ಇಕ್ಕಟ್ಟು ಮತ್ತು ಕತ್ತಲು. ಟಾರ್ಚ್ ಬೇಕೇ ಬೇಕು, ಮಂಡಿನೋವಿನವರು ದೋಣಿಯ ಹತ್ತಿರವೇ ಕೂರಲಿ. ಅದು ಹುಲಿ ಸಂರಕ್ಷಿತ ಅರಣ್ಯ. ಅನುಮತಿಯಿರುವ ದೋಣಿಯನ್ನು ಕೌಂಟರಿನಲ್ಲೇ ಹಿಡಿಯಿರಿ, ಗುಂಪು ಕೂಡಿದರೆ ಮಾತ್ರ ಹೊರಡುವುದರಿಂದ ಬೆಳಿಗ್ಗೆ ಬೇಗ ಹೋಗಿ.

## ಇನ್ನಷ್ಟು ಆಳಕ್ಕೆ

‘ಹಡಗಿನ ಟೈಮು’ ಅಂತಾರಲ್ಲ, ಗಡಿಯಾರಕ್ಕೂ ಹಡಗಿಗೂ ಏನು ಸಂಬಂಧ?

ಸಿಂಗಾಪುರ, ಮಲೇಷ್ಯಾದ ಪೆನಾಂಗ್ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ಥಾಯ್ಲೆಂಡ್ ಒಂದೂವರೆ ತಾಸು ಮಾತ್ರ ಮುಂದೆ. ಹಡಗು ಸಿಂಗಾಪುರದ ಸಮಯವನ್ನೇ ಇಟ್ಟುಕೊಂಡು ಫುಕೆಟ್‌ಗೆ ಹೋಯಿತು ಎನ್ನಿ. ನೀವು ದಡಕ್ಕಿಳಿದ ಕೂಡಲೇ ಫೋನು ಥಾಯ್ ಟವರ್ ಹಿಡಿದು ತಾನೇ ಒಂದು ತಾಸು ಹಿಂದಕ್ಕೆ ಹೋಗುತ್ತದೆ. ಫೋನಿನಲ್ಲಿ ಮೂರು ಗಂಟೆ ನೋಡಿ ‘ಇನ್ನೂ ಒಂದು ತಾಸು ಇದೆ’ ಎಂದು ಕೂತರೆ ಹಡಗಿನಲ್ಲಿ ಆಗಲೇ ನಾಲ್ಕು. ಕೆಲವು ಹಡಗುಗಳು ಬಂದರಿನ ಸಮಯಕ್ಕೆ ಬದಲಾಗುತ್ತವೆ, ಕೆಲವು ಬದಲಾಗುವುದಿಲ್ಲ. ಹಿಂದಿನ ರಾತ್ರಿ ಕ್ಯಾಬಿನ್ನಿಗೆ ಅಥವಾ ಆ್ಯಪಿಗೆ ಬರುವ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಅದು ಬರೆದಿರುತ್ತದೆ. ಇಳಿಯುವ ಮುಂಚೆ ಫೋನಿನ ತಾನಾಗಿ ಬದಲಾಗುವ ಸಮಯವನ್ನು ಆಫ್ ಮಾಡಿ, ಇಲ್ಲವೇ ಕೈಗಡಿಯಾರಕ್ಕೆ ಹಡಗಿನ ಸಮಯ ಇಡಿ. ದೋಣಿಯವನಿಗೆ ಹೇಳುವಾಗ ಮಾತ್ರ ಅವನ ಊರಿನ ಸಮಯದಲ್ಲಿ ಹೇಳಿ.

ಟೆಂಡರ್ ಪೋರ್ಟ್ ಅಂತ ಬರದಾರ. ಅಲ್ಲಿ ಸ್ವಂತ ದೋಣಿ ಬುಕ್ ಮಾಡಿದ್ರ ತೊಂದ್ರಿ ಏನು?

ಹಡಗು ಕಟ್ಟೆಗೆ ತಾಗದೆ ಹೊರಗೆ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುವ ಬಂದರು ಇದು. ಆ ಸಣ್ಣ ದೋಣಿಗೇ ಟೆಂಡರ್ ಎನ್ನುತ್ತಾರೆ. ಹಡಗಿನ ಟೂರಿನವರಿಗೆ ಮೊದಲ ಸಾಲು. ಉಳಿದವರು ನಂಬರ್ ಚೀಟಿ ತಗೊಂಡು ಕಾಯಬೇಕು. ಎಂಟಕ್ಕೆ ಹಡಗು ನಿಂತರೂ ನೀವು ದಡ ಮುಟ್ಟುವುದು ಹತ್ತಕ್ಕಾಗಬಹುದು. ಒಂಬತ್ತಕ್ಕೆ ಬುಕ್ ಮಾಡಿದ ದೋಣಿಯವನು ಬೇರೆ ಗಿರಾಕಿ ಹಿಡಿದು ಹೋಗಿರುತ್ತಾನೆ. ಅಲೆ ಎದ್ದರೆ ಟೆಂಡರ್ ಸೇವೆಯೇ ರದ್ದು. ಇಂಥ ಬಂದರಿಗೆ ಸ್ವಂತ ದೋಣಿಯನ್ನು ಹನ್ನೊಂದರ ಮುಂಚೆ ಇಟ್ಟುಕೊಳ್ಳಬೇಡಿ. ಮರಳುವ ಕೊನೆಯ ಟೆಂಡರಿನ ಸಮಯವೇ ನಿಮ್ಮ ಗಡುವು. ಮಂಡಿನೋವಿನ ಹಿರಿಯರಿಗೆ ಅಲುಗಾಡುವ ಟೆಂಡರ್ ಇಳಿಯುವುದೇ ಕಷ್ಟ, ಆ ದಿನ ಅವರು ಹಡಗಿನಲ್ಲಿ ಆರಾಮಾಗಿರಲಿ.

ವಿಮಾ ಮಾಡಿಸೀವಿ. ಸ್ವಂತ ದೋಣಿಗೂ ಅದು ಬರ್ತದೇನ್ರಿ?

ಪಾಲಿಸಿಯಲ್ಲಿ ಹುಡುಕಬೇಕಾದದ್ದು ಎರಡು. ‘ಸಾಹಸ ಕ್ರೀಡೆ’ ಎಂಬ ಹೆಸರಿನಲ್ಲಿ ಸ್ನಾರ್ಕೆಲಿಂಗ್, ಜೆಟ್ ಸ್ಕೀ, ಸ್ಪೀಡ್ ಬೋಟು ಹೊರಗಿಟ್ಟಿದ್ದಾರೋ? ಮತ್ತು ಹಡಗು ತಪ್ಪಿದರೆ ಮುಂದಿನ ಬಂದರಿಗೆ ಹೋಗುವ ಖರ್ಚು ಕೊಡುತ್ತಾರೋ, ಕೊಟ್ಟರೆ ಯಾವ ಕಾರಣಕ್ಕೆ? ‘ನಾವು ಹೊತ್ತು ಮಾಡಿದ್ವಿ’ ಎಂಬ ಕಾರಣಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ದೋಣಿಯ ಚೀಟಿ, ವಾಟ್ಸಾಪ್ ಮಾತು ಅಳಿಸಬೇಡಿ, ಕ್ಲೇಮಿನ ವೇಳೆ ಅದನ್ನೇ ಕೇಳುತ್ತಾರೆ.

ಹಡಗು ಹೋಗೇಬಿಡ್ತು ಅಂತ ಇಟ್ಕೊಳ್ರಿ. ಆಗ ಏನು ಮಾಡಬೇಕು?

ಕಟ್ಟೆಯ ಮೇಲೆ ನಿಂತು ಕೈ ಬೀಸಿದರೆ ಪ್ರಯೋಜನವಿಲ್ಲ. ಬಂದರಿನ ಗೇಟಿಗೆ ಹೋಗಿ ಹಡಗಿನ ಪೋರ್ಟ್ ಏಜೆಂಟ್ (ಬಂದರಿನಲ್ಲಿ ಹಡಗಿನ ಪರವಾಗಿ ಕೆಲಸ ನೋಡುವವರು) ಎಲ್ಲಿ ಎಂದು ಕೇಳಿ. ಅವರ ಹೆಸರು, ಫೋನ್ ನಂಬರ್ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಇರುತ್ತದೆ. ಇಳಿಯುವ ಮುಂಚೆ ಅದರ ಫೋಟೋ ತೆಗೆದಿಟ್ಟುಕೊಂಡವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಬಾರದವರ ಕ್ಯಾಬಿನ್ನಿನ ತಿಜೋರಿ ತೆರೆದು ಪಾಸ್‌ಪೋರ್ಟನ್ನು ಏಜೆಂಟರಿಗೆ ಬಿಟ್ಟು ಹೋಗುವ ಪದ್ಧತಿ ಹಲವು ಹಡಗುಗಳಲ್ಲಿದೆ, ಅದನ್ನೇ ಮೊದಲು ವಿಚಾರಿಸಿ. ಪಾಸ್‌ಪೋರ್ಟ್ ಹಡಗಿನಲ್ಲೇ ಉಳಿದಿದ್ದು ನೀವು ವಿದೇಶದಲ್ಲಿದ್ದರೆ ಮುಂದಿನ ಹೆಜ್ಜೆ ಭಾರತೀಯ ರಾಯಭಾರ ಕಚೇರಿ. ಪಾಸ್‌ಪೋರ್ಟಿನ ಫೋಟೋ ಫೋನಿನಲ್ಲೂ, ಒಂದು ಜೆರಾಕ್ಸ್ ಕಿಸೆಯಲ್ಲೂ ಇದ್ದರೆ ಅಲ್ಲಿ ಬೇಗ ಕೆಲಸವಾಗುತ್ತದೆ.

ಮುಂದಿನ ಬಂದರು ಭಾರತದ್ದೇ ಆದರೆ ರೈಲು, ಬಸ್ಸು, ವಿಮಾನ ಯಾವುದು ಬೇಗವೋ ಅದನ್ನು ಹಿಡಿಯಿರಿ, ಖರ್ಚು ನಿಮ್ಮದೇ. ಹೊರಡುವ ಮುಂಚೆ ಏಜೆಂಟರಿಗೆ ತಿಳಿಸಿ, ಅವರು ಹಡಗಿಗೆ ಹೇಳದಿದ್ದರೆ ಅಲ್ಲಿನ ಗೇಟಿನಲ್ಲಿ ಮತ್ತೆ ತಡೆಯುತ್ತಾರೆ. ವಿದೇಶಿ ಬಂದರಾದರೆ ಆ ದೇಶದ ವೀಸಾ ಮೊದಲು ನೋಡಿ, ಹಡಗಿನಲ್ಲಿ ಹೋಗುವವರಿಗೆ ಇರುವ ರಿಯಾಯಿತಿ ವಿಮಾನದಲ್ಲಿ ಹೋಗುವವರಿಗೆ ಇಲ್ಲದಿರಬಹುದು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಎರಡು ದಿನಕ್ಕಾಗುವಷ್ಟು, ಒಂದು ಬ್ಯಾಂಕ್ ಕಾರ್ಡು, ಫೋನಿನ ಚಾರ್ಜರ್ ಇವನ್ನು ಕ್ಯಾಬಿನ್ನಿನಲ್ಲಿ ಬಿಡದೆ ದೋಣಿಗೆ ಹೋಗುವ ಚೀಲದಲ್ಲೇ ಇಡಿ.